ಹರಿಹರದ ಪ್ರಸಾದ

ಕಪಾಟಿನ ಮೂರನೇ ಸಾಲಿನಲ್ಲಿ ಪುಸ್ತಕದಿಂದ ಪುಸ್ತಕಕ್ಕೆ ಕಣ್ಣು ಹಾಯಿಸುತ್ತಿದ್ದಾಗ ಅದು ಮತ್ತೆ ಬಂತು. ಝುಂ. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಿದರೆ ಮೊಳಕೈವರೆಗೆ ಏರುತ್ತದಲ್ಲ, ಅಂಥದೇ ಒಂದು ಮಿಂಚು ಕಿವಿಯ ಹಿಂದಿನಿಂದ ಎದ್ದು ತುಟಿಯ ತುದಿಗೆ ಬಂದು ಆರಿಹೋಯಿತು. ನೋವಲ್ಲ. ನೋವಾಗಿದ್ದರೆ ಯಾರಿಗಾದರೂ ಹೇಳಿಕೊಳ್ಳಬಹುದಿತ್ತು. ಕೃತಿಕಾ ಕಪಾಟಿನ ಕಬ್ಬಿಣದ ಅಂಚು ಹಿಡಿದು, ತಾನು ಕೆಲಸ ಮಾಡುವ ದಂತವೈದ್ಯ ಕಾಲೇಜಿನ ಗ್ರಂಥಾಲಯದ ಆ ದಪ್ಪ ಪುಸ್ತಕಗಳ ನಡುವೆ ಏನನ್ನೋ ಹುಡುಕುತ್ತಿರುವವಳ ಹಾಗೆ ನಿಂತುಕೊಂಡಳು. ಗುಳಿಗೆ ಬಿಟ್ಟು ಇವತ್ತಿಗೆ ಹನ್ನೊಂದು ದಿನ. ಮೊದಲೆರಡು ದಿನ ಏನೂ ಇರಲಿಲ್ಲ, ಹೊಸ ಚಪ್ಪಲಿ ಮೆಟ್ಟಿದವಳಂತೆ ಹಗುರಾಗಿ ಓಡಾಡಿದ್ದಳು. ಮೂರನೆಯ ದಿನ ಹಲ್ಲುಜ್ಜುತ್ತ ಕನ್ನಡಿಯಿಂದ ನಲ್ಲಿಯ ಕಡೆ ಕಣ್ಣು ಹೊರಳಿಸಿದಾಗ ಮೊದಲನೆಯದು ಬಂತು. ಆಮೇಲೆ ಹೊಟ್ಟೆ ತೊಳಸು, ಸುಮ್ಮಸುಮ್ಮನೆ ಬೆವರು, ಟಿವಿಯ ಸೋಪಿನ ಜಾಹೀರಾತಿಗೆ ಕಣ್ಣೀರು, ಮತ್ತೆ ಆ ಕನಸುಗಳು. ಕನಸಿನಲ್ಲಿ ಬಣ್ಣಗಳು ಎಷ್ಟು ಗಾಢವಾಗಿದ್ದವೆಂದರೆ ಎದ್ದ ಮೇಲೆ ಮನೆಯ ಗೋಡೆಯೇ ಒಗೆದು ಒಗೆದು ಮಾಸಿದ ಬಟ್ಟೆಯ ಹಾಗೆ ಕಾಣುತ್ತಿತ್ತು.

ಅಜ್ಜಿ ಹೇಳುತ್ತಿದ್ದ ಕತೆಯಲ್ಲಿ ಒಬ್ಬಳು ಸೊಸೆ ಇದ್ದಳು. ಹೊಸದಾಗಿ ಬಂದವಳು, ನೀರು ಕುಡಿಯುವಾಗ ಚೊಂಬಿನಲ್ಲಿದ್ದ ದುಂಬಿಯನ್ನು ನುಂಗಿಬಿಟ್ಟಳು. ಅದು ಸಾಯಲಿಲ್ಲ. ಅವಳು ತಲೆ ತಿರುಗಿಸಿದಾಗೆಲ್ಲ ಒಳಗೆ ಗುಂಯ್ ಅನ್ನುತ್ತಿತ್ತು. ಅತ್ತೆ, ‘ಅದೇನೇ ಸಪ್ಪಳ?’ ಎಂದರೆ ‘ಬೀಸೋಕಲ್ಲು ರೀ ಅತ್ತೆ’ ಎನ್ನುವಳು. ಮಾವ ಕೇಳಿದರೆ ‘ಬಾವಿ ಗಾಲಿ ರೀ ಮಾವಾರೆ’ ಎನ್ನುವಳು. ಗಂಡ ಕೇಳಿದರೆ ತಲೆ ತಿರುಗಿಸದೆ ಗೊಂಬೆಯ ಹಾಗೆ ಕೂತುಬಿಡುವಳು. ‘ಬಾಯಿ ತೆಗೆದಿದ್ರೆ ಹಾರಿಹೋಗ್ತಿತ್ತಲ್ಲಜ್ಜಿ?’ ಎಂದು ಏಳು ವರ್ಷದ ಕೃತಿಕಾ ಕೇಳಿದ್ದಳು. ಕೆಂಚವ್ವಜ್ಜಿ ಎಲೆಗೆ ಸುಣ್ಣ ಹಚ್ಚುತ್ತ, ‘ಸೊಸಿ ಬಾಯಿ ತೆಗೀಬಾರ್ದು ಅಂತ ಕಳಿಸಿರ್ತಾರಲ್ಲೇ ತೌರಾಗೆ’ ಎಂದಿದ್ದಳು. ಕತೆ ಮುಂದೇನಾಯಿತೋ. ಪ್ರತಿ ಸಲವೂ ಅಲ್ಲಿಗೆ ಬರುವಷ್ಟರಲ್ಲಿ ಅಜ್ಜಿಗೆ ನಿದ್ದೆ ಬಂದಿರುತ್ತಿತ್ತು, ಇಲ್ಲವೇ ತನಗೆ.

“ಯಾಕವ್ವಾ, ಮುಖ ಹಂಗೆ ಬಾಡೈತೆ?” ಗ್ರಂಥಾಲಯದ ಹಿರಿಯ ಅಟೆಂಡರು ಅಮೀರ್ ಜಾನ್ ಪುಸ್ತಕದ ಗಾಡಿ ತಳ್ಳಿಕೊಂಡು ಬಂದು ಪಕ್ಕದಲ್ಲಿ ನಿಂತಿದ್ದ.

“ಏನಿಲ್ಲ ಚಾಚಾ, ಬಿಸಿಲು.”

“ಒಳಗೆ ಎಲ್ಲೈತವ್ವಾ ಬಿಸಿಲು? ಫ್ಯಾನಿನ ಕೆಳಗೆ ನಿಂತೀಯ.” ಅವನು ನಕ್ಕ, ಆಮೇಲೆ ಸ್ವರ ತಗ್ಗಿಸಿದ. “ಹೋದ ರಂಜಾನಿನಾಗೆ ನಾನೂ ಹಿಂಗೇ ಓಲಾಡ್ತಿದ್ದೆ ನೋಡು. ಚೆನ್ನಾಗೇ ಇದೀನಲ್ಲ, ಬಿಪಿ ಗುಳಿಗೆ ಯಾಕೆ ಬೇಕು ಅಂತ ಬಿಟ್ಟುಬಿಟ್ಟೆ. ನಾಕು ದಿನಕ್ಕೆ ಮಸೀದಿ ಮೆಟ್ಲು ನನ್ನ ಸುತ್ತ ತಿರುಗಾಕೆ ಹತ್ತಿದ್ವು. ಡಾಕ್ಟ್ರು ಬೈದ್ರು. ‘ಚೆನ್ನಾಗಿರೋದು ನೀನಲ್ಲಪ್ಪಾ ಸಾಹೇಬ, ನಿನ್ನ ಗುಳಿಗೆ’ ಅಂತ.”

ಅವನು ಗಾಡಿ ತಳ್ಳುತ್ತ ಹೋದ. ಆ ಮಾತು ಮಾತ್ರ ಅವಳ ಹತ್ತಿರವೇ ಉಳಿಯಿತು. ಚೆನ್ನಾಗಿರೋದು ನೀನಲ್ಲ, ನಿನ್ನ ಗುಳಿಗೆ. ಹಾಗಾದರೆ ಈ ಒಂದೂವರೆ ವರ್ಷ ನಕ್ಕವಳು ಯಾರು? ಕಾಲೇಜಿನ ಹುಡುಗಿಯರ ಜೊತೆ ಗಾಜಿನಮನೆಗೆ ಹೋಗಿ ಫೋಟೋ ತೆಗೆಸಿಕೊಂಡವಳು? ಹೋದ ವಾರ ತಾರಸಿಯ ಮೇಲೆ ಹೆಣ್ಣು ನೋಡಲು ಬಂದಿದ್ದ ಬಕ್ಕೇಶನ ಎದುರು ನಿಂತು, ‘ನಿಮಗೇನಾದ್ರೂ ಕೇಳೋದು ಐತಾ?’ ಎಂದು ಅವನು ಕೇಳಿದಾಗ ‘ಇಲ್ಲ’ ಎಂದು ತಲೆಯಾಡಿಸಿದವಳು? ಅವನು ಯಾರನ್ನು ಒಪ್ಪಿಕೊಂಡು ಹೋದ? ಒಪ್ಪಿಗೆಯಾಗಿದ್ದು ಬಿಳಿಯ, ದುಂಡನೆಯ, ನಡುವೆ ಗೀರಿದ್ದ ಒಂದು ಗುಳಿಗೆಯೇನೋ. ಈಗ ಅದು ಖಾಲಿಯಾಗಿ, ಉಳಿದವಳು ಈ ಕಪಾಟು ಹಿಡಿದು ನಿಂತವಳು.

ಅವತ್ತು ಹೆಣ್ಣು ನೋಡಲು ಬಂದವರಿಗೆ ಅಮ್ಮ ಕಸ್ತೂರಮ್ಮ ಅವಲಕ್ಕಿ, ಮಿರ್ಚಿ ಕೊಟ್ಟು ಕೂರಿಸಿದ್ದಳು. ಮಂಡಿಪೇಟೆಯ ದಲಾಲಿ ಅಂಗಡಿ ಅರ್ಧ ದಿನ ಮುಚ್ಚಿ ಬಂದಿದ್ದ ಅಪ್ಪ ಕರಿಬಸವರಾಜ ಮೆಕ್ಕೆಜೋಳದ ಮಾತು ತೆಗೆದಿದ್ದ. ಮಾತಿನ ನಡುವೆ ಹುಡುಗನ ತಂದೆ, “ನಮ್ಮ ತಮ್ಮಂದು ಹರಿಹರ ಬಸ್‌ಸ್ಟ್ಯಾಂಡ್ ಎದುರಿಗೇ ಮೆಡಿಕಲ್ ಶಾಪ್ ಐತ್ರಿ, ನಮ್ಮ ಬಕ್ಕೇಶನೂ ಆಗಾಗ ಕೂಡ್ರುತಾನೆ” ಎಂದರು. ಅಮ್ಮನ ಕೈಯ ತಟ್ಟೆ ಒಮ್ಮೆ ಕಣಕಣ ಅಂದದ್ದು ಕೃತಿಕಾಗೆ ಮಾತ್ರ ಕೇಳಿಸಿತು. ಗುಳಿಗೆ ಬರುತ್ತಿದ್ದದ್ದು ಆ ಅಂಗಡಿಯಿಂದಲೇ. ಮನೆಯ ಬೀದಿಯಲ್ಲೇ ಹಾಲಸ್ವಾಮಿಯ ಮೆಡಿಕಲ್ ಇತ್ತು. ಕೃತಿಕಾಳ ಬಾಲ್ಯದ ಕೆಮ್ಮಿಗೆಲ್ಲ ಔಷಧಿ ಕೊಟ್ಟವನು ಅವನೇ. ಆದರೆ ಹಾಲಸ್ವಾಮಿಗೆ ಗೊತ್ತಾದರೆ ಪಿ.ಜೆ. ಬಡಾವಣೆಗೇ ಗೊತ್ತಾದ ಹಾಗೆ ಎಂದು ಅಮ್ಮ ತಿಂಗಳಿಗೊಮ್ಮೆ ಸೋಮವಾರ ಬಸ್ಸು ಹತ್ತಿ ಹರಿಹರಕ್ಕೆ ಹೋಗುತ್ತಿದ್ದಳು. ‘ಹರಿಹರೇಶ್ವರನ ಗುಡಿಗೆ’ ಎನ್ನುತ್ತಿದ್ದಳು ಓಣಿಯವರಿಗೆ. ಅಂಗಡಿಯಲ್ಲಿ ‘ನಮ್ಮತ್ತೀಗೆ’ ಎನ್ನುತ್ತಿದ್ದಳು. ಆ ಅತ್ತೆ ಕೆಂಚವ್ವಜ್ಜಿ ಸತ್ತು ಆರು ವರ್ಷವಾಗಿತ್ತು. ಒಂದೇ ಚೀಲದಲ್ಲಿ ತೆಂಗಿನಹೋಳು, ವಿಭೂತಿ, ಗುಳಿಗೆ ಬರುತ್ತಿದ್ದವು. ಅಮ್ಮ ಗುಳಿಗೆಗಳನ್ನು ಒಂದೊಂದಾಗಿ ಬಿಡಿಸಿ ಅಜ್ಜಿಯ ಹಳೆಯ ಎಲೆಯಡಿಕೆ ಡಬ್ಬಿಗೆ ಹಾಕಿ, ಔಷಧದ ಹೆಸರಿದ್ದ ಬೆಳ್ಳಿಹಾಳೆಯನ್ನು ಒಲೆಗೆ ಹಾಕುತ್ತಿದ್ದಳು. ‘ಪ್ರಸಾದ ತಗೊಂಡ್ಯಾ?’ ಎಂದು ಅಪ್ಪನ ಎದುರಿಗೇ ಕೇಳುವಳು. ಅಪ್ಪನಿಗೂ ಗೊತ್ತಿತ್ತು, ಗೊತ್ತಿಲ್ಲದವನ ಹಾಗೆ ಪೇಪರು ಮಗುಚುತ್ತಿದ್ದ. ನೆಂಟರು ಹೋದ ಸಂಜೆ ಅಮ್ಮ ಡಬ್ಬಿ ತೆಗೆದು ನೋಡಿದಳು. ನಾಲ್ಕು ಉಳಿದಿದ್ದವು. “ಸಾಕು ಬಿಡವ್ವಾ ಇನ್ನು. ಚೆನ್ನಾಗೇ ಇದ್ದೀಯಲ್ಲ” ಎಂದು ಅವನ್ನು ತುಳಸಿಕಟ್ಟೆಯ ಮಣ್ಣಿಗೆ ಹಾಕಿ ಮುಚ್ಚಿದಳು. ಅದರಲ್ಲಿ ಸಿಟ್ಟಿರಲಿಲ್ಲ. ಯಾವುದೋ ಹರಕೆ ತೀರಿಸಿದವಳ ಸಮಾಧಾನವಿತ್ತು. ಅದಕ್ಕೇ ಕೃತಿಕಾ ಬೇಡ ಎನ್ನಲಿಲ್ಲ.

ಶನಿವಾರವಾದ್ದರಿಂದ ಗ್ರಂಥಾಲಯ ಒಂದು ಗಂಟೆಗೇ ಮುಚ್ಚಿತು. ನಾಳೆ ಭಾನುವಾರ ಬಕ್ಕೇಶನ ಮನೆಯವರು ಮಾತುಕತೆಗೆ ಬರುವವರಿದ್ದರು. ಸ್ಕೂಟಿ ಮನೆಯಲ್ಲೇ ಇತ್ತು. ತಿರುವಿನಲ್ಲಿ ಕನ್ನಡಿ ನೋಡಿದರೆ ಝುಂ ಬರುತ್ತಿದ್ದುದರಿಂದ ‘ಬ್ರೇಕ್ ಸರಿಯಿಲ್ಲ’ ಎಂದು ಸುಳ್ಳು ಹೇಳಿ ಐದು ದಿನದಿಂದ ನಡೆದೇ ಬರುತ್ತಿದ್ದಳು. ಕಾಲು ಮನೆಯ ಕಡೆ ತಿರುಗದೆ ಬಸ್ ನಿಲ್ದಾಣದ ಕಡೆ ತಿರುಗಿತು. ಹರಿಹರದಲ್ಲಿ ಒಂದೇ ಮೆಡಿಕಲ್ ಇರುತ್ತದೆಯೇ? ತನ್ನ ಹೆಸರಿದ್ದ ತುದಿಯನ್ನು ಅಮ್ಮ ಹರಿದುಹಾಕಿದ್ದ ಹಳೆಯ ಚೀಟಿ ಪರ್ಸಿನಲ್ಲಿತ್ತು. ಎರಡು ದಿನದ ಮಟ್ಟಿಗೆ ಸಿಕ್ಕರೂ ಸಾಕು, ನಾಳೆ ಅವರೆದುರು ಕಣ್ಣು ಹೊರಳಿಸಿದಾಗ ಮುಖ ಕಿವುಚದಿದ್ದರೆ ಸಾಕು. ಕಂಡಕ್ಟರು ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದುಕೊಟ್ಟ. ಕಿಟಕಿಯಾಚೆ ಕರೆಂಟು ಕಂಬಗಳು ಓಡುತ್ತಿದ್ದವು. ಒಂದೊಂದು ಕಂಬಕ್ಕೂ ಒಂದೊಂದು ಝುಂ.

ಹರಿಹರದಲ್ಲಿ ಇಳಿದು ಮುಖದ ಮೇಲೆ ವೇಲು ಎಳೆದುಕೊಂಡು ಹತ್ತು ಹೆಜ್ಜೆ ಇಟ್ಟಿರಲಿಲ್ಲ.

“ಏ, ಕೃತಿಕಾ ಅಲ್ಲೇನವ್ವಾ? ದಾವಣಗೆರೆ ಹುಡುಗಿ! ಬಾ ಬಾ, ಬಿಸಿಲಾಗೆ ಎಲ್ಲಿ ಹೊಂಟೆ?”

ಎದುರಿನ ಅಂಗಡಿಯ ಗಲ್ಲಾದ ಹಿಂದೆ ದಪ್ಪ ಮೀಸೆಯವರು ಎದ್ದು ನಿಂತಿದ್ದರು. ಬಕ್ಕೇಶನ ಚಿಕ್ಕಪ್ಪ. “ಗುರುತು ಹೆಂಗೆ ಹಿಡಿದ್ರು ಅಂತೀಯಾ? ನಿನ್ನ ಫೋಟೋ ನಮ್ಮನೆ ವಾಟ್ಸಾಪಿನಾಗೆ ನೂರು ಸಲ ತಿರುಗೈತೆ. ವೇಲು ಮುಚ್ಚಿದ್ರೆ ಕಣ್ಣು ಎಲ್ಲಿ ಹೋಗ್ತಾವೆ! ಏನು ಬೇಕಾಗಿತ್ತು?”

ಅವರ ಬೆನ್ನ ಹಿಂದೆ ಗಾಜಿನ ಬೀರು. ಅದರಲ್ಲಿ ಮೇಲಿಂದ ಎರಡನೇ ಸಾಲಿನ ಮೂಲೆಯಲ್ಲಿ ನೀಲಿ ಗೆರೆಯ ಪುಟ್ಟ ಡಬ್ಬಿಗಳು, ಮೇಲೆ ಅವಳ ಗುಳಿಗೆಯ ಹೆಸರು. ಒಂದು ಕೈಯಳತೆಯ ದೂರ. ಆ ಹೆಸರನ್ನು ಅವಳು ಬಾಯಿಬಿಟ್ಟು ಎಂದೂ ಹೇಳಿರಲಿಲ್ಲ ಎಂದು ಆಗ ಹೊಳೆಯಿತು.

“ಕೆಮ್ಮು,” ಎಂದಳು. “ಗಂಟಲು.”

“ಅದಕ್ಕೆ ಹರಿಹರಕ್ಕೆ ಬಂದ್ಯಾ?” ಅವರು ಗಹಗಹಿಸಿ ನಕ್ಕರು. ಅವಳು ಬಕ್ಕೇಶನನ್ನು ನೋಡುವ ನೆಪದಲ್ಲಿ ಬಂದಳೆಂದು ಅವರಿಗೆ ಅನ್ನಿಸಿತ್ತು. “ಅವನಿಲ್ಲ ನೋಡವ್ವಾ, ರಾಣೇಬೆನ್ನೂರಿಗೆ ಹೋಗ್ಯಾನೆ. ಹೇಳ್ತೀನಿ ತಗೋ, ಬಂದಿದ್ಲು ಅಂತ!” ಶುಂಠಿಯ ಚೀಪುವ ಗುಳಿಗೆಗಳನ್ನು ಅವಳ ಕೈಗಿಟ್ಟರು. ಪರ್ಸು ತೆಗೆದರೆ, “ಸೊಸೆ ಆಗೋಳ ಹತ್ರ ದುಡ್ಡು ಇಸಗಂತಾರೇನು?” ಎಂದರು. ಒಳ್ಳೆಯವರು. ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು. ಹೆಸರು ಹೇಳಿ, ಬೈಸಿಕೊಂಡು ಬರಬಹುದಿತ್ತು.

ಮರಳುವ ಬಸ್ಸಿನಲ್ಲಿ ಕಿಟಕಿಯ ಸೀಟು ಬೇಡವೆಂದರೂ ಅದೇ ಸಿಕ್ಕಿತು. ತುಂಗಭದ್ರೆಯ ಸೇತುವೆ ಬೆನ್ನಿಗೆ ಎಲ್ಲೋ ಉಳಿದು, ಬಸ್ಸು ಹೆದ್ದಾರಿಗೆ ಬಿತ್ತು. ಕಣ್ಣೀರು ತಾನೇ ಇಳಿಯತೊಡಗಿತು. ಮತ್ತೆ ಬಂತು, ಅದೇ ಮತ್ತೆ ಬಂತು ಎಂದುಕೊಂಡಳು. ಎರಡು ವರ್ಷದ ಹಿಂದಿನ ಆ ಮಲಗಿದ್ದ ದಿನಗಳು. ಆಗ ಅಪ್ಪನ ಮಂಡಿಯಲ್ಲಿ ಮಳೆಗೆ ನೆನೆದ ಗೋಣಿಚೀಲ ನೋಡಿ ಇದೇ ನಾನು ಅಂದುಕೊಂಡಿದ್ದಳು. ಎತ್ತಲು ಇಬ್ಬರು ಬೇಕು, ಬಿಚ್ಚಿದರೆ ಒಳಗೆ ಮೊಳಕೆ ಒಡೆದು ನಾರುವ ಕಾಳು. ತಲೆ ಬಾಚಿಕೊಳ್ಳಲೂ ಆಗದೆ ಅಮ್ಮ ಸಿಕ್ಕು ಬಿಡಿಸುತ್ತ ಅತ್ತದ್ದು. ಮತ್ತೆ ಅದೇ ಆಗುವುದಾದರೆ ನಾಳೆ ಬರುವವರಿಗೆ ಇವತ್ತೇ ಬೇಡವೆಂದುಬಿಡಬೇಕು. ಅವರ ಮನೆಗೆ ಒಂದು ನೆನೆದ ಚೀಲ ಇಳಿಸಿ ಬರುವುದು ಪಾಪ. ಕಂಬ. ಝುಂ. ಕಂಬ. ಝುಂ. ತಡೆಯಲಾರದೆ ತಲೆ ಬಗ್ಗಿಸಿ ತೊಡೆಯ ಮೇಲಿದ್ದ ಎಡ ಅಂಗೈಯನ್ನೇ ನೋಡುತ್ತ ಕೂತಳು. ಚಿಕ್ಕವಳಿದ್ದಾಗ ಅಜ್ಜಿ ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಹಚ್ಚಿ, ಕರಡಿಗೆಯಿಂದ ಲಿಂಗ ತೆಗೆದು ಅಂಗೈಗಿಟ್ಟು ಹೇಳುತ್ತಿದ್ದಳು: ದೃಷ್ಟಿ ಅಲುಗಬಾರ್ದು ನೋಡು, ಲಿಂಗದ ಮ್ಯಾಲೆ ಹೊಳೀತೈತಲ್ಲ ಬೆಳಕಿನ ಚುಕ್ಕಿ, ಅದು ಓಡಿಹೋಗ್ತೈತೆ. ಇವತ್ತು ಬೆಳಿಗ್ಗೆಯೂ ಕೂತಿದ್ದಳು. ಹತ್ತು ನಿಮಿಷ. ಹತ್ತು ನಿಮಿಷ...

ಕೃತಿಕಾ ತಲೆಯೆತ್ತಲಿಲ್ಲ. ಅಂಗೈಯನ್ನೇ ನೋಡುತ್ತ ಉಸಿರು ಬಿಗಿಹಿಡಿದಳು. ಬೆಳಿಗ್ಗೆ ಪೂಜೆಗೆ ಕೂತ ಹತ್ತು ನಿಮಿಷ ಒಂದೂ ಬಂದಿರಲಿಲ್ಲ. ನಿನ್ನೆಯೂ ಬಂದಿರಲಿಲ್ಲ. ದೇವರ ಮಹಿಮೆಯೆಂದು ಅಮ್ಮನಿಗೆ ಹೇಳಿದರೆ ನಂಬುತ್ತಿದ್ದಳು. ಆದರೆ ಈಗ ಈ ಕೈಯಲ್ಲಿ ಲಿಂಗವಿಲ್ಲ, ಬಸ್ಸಿನ ಕಂಬಿಯ ತುಕ್ಕು ಹತ್ತಿದ ಬರಿಯ ಕೈ. ಆದರೂ ಇಲ್ಲ. ಬೇಕೆಂದೇ ಕಣ್ಣನ್ನು ಕಿಟಕಿಗೆ ಹೊರಳಿಸಿದಳು. ಝುಂ. ಮತ್ತೆ ಅಂಗೈಗೆ ತಂದಳು. ಕಾದಳು. ಇಲ್ಲ. ಮತ್ತೆ ಕಿಟಕಿಗೆ. ಝುಂ. ಪಕ್ಕದಲ್ಲಿ ಕೂತ ಹೆಂಗಸು ಮಡಿಲ ಮೇಲಿನ ಸೊಪ್ಪಿನ ಚೀಲವನ್ನು ತುಸು ಆಚೆ ಎಳೆದುಕೊಂಡಳು. ಕೃತಿಕಾಗೆ ಅದರ ಪರಿವೆ ಇರಲಿಲ್ಲ. ದುಃಖ ಕಣ್ಣು ಹೊರಳುವುದನ್ನು ಕಾಯುತ್ತದೆಯೇ? ಆ ಹಳೆಯದು ಕಣ್ಣು ಮುಚ್ಚಿದರೂ ಇತ್ತು, ಬಿಟ್ಟರೂ ಇತ್ತು. ಅದು ವಾರಗಟ್ಟಲೆ ಹನಿಹನಿಯಾಗಿ ನೆನೆಯುತ್ತ ಬಂದಿತ್ತು, ಮೂರನೇ ದಿನಕ್ಕೆ ಸ್ವಿಚ್ಚು ಹಾಕಿದ ಹಾಗಲ್ಲ. ಆಗ ಊಟದ ರುಚಿಯೇ ಗೊತ್ತಾಗುತ್ತಿರಲಿಲ್ಲ. ಈಗ ಹೊಟ್ಟೆ ತೊಳಸಿದರೂ ಎದುರಿನ ಸೀಟಿನವನು ತಿನ್ನುತ್ತಿದ್ದ ಮಂಡಕ್ಕಿಯ ವಾಸನೆಗೆ ಬಾಯಲ್ಲಿ ನೀರು. ಚಾಚಾ ಹೇಳಿದ್ದು ನೆನಪಾಯಿತು: ನಾಕು ದಿನಕ್ಕೆ ಮಸೀದಿ ಮೆಟ್ಲು ತಿರುಗಾಕೆ ಹತ್ತಿದ್ವು. ಇದು ಆ ನೆನೆದ ಚೀಲವಲ್ಲ. ಇದು ಬೇರೆ ಏನೋ.

ಗುಳಿಗೆ ಬರೆದುಕೊಟ್ಟಿದ್ದ ಮನೋವೈದ್ಯ ಡಾಕ್ಟರ್ ಅಂಜನಕುಮಾರರ ಕ್ಲಿನಿಕ್ಕು ಅವಳ ಮನೆಯಿಂದ ಎರಡೇ ಬೀದಿ ಆಚೆ. ಮೊದಲ ಸಲ ಅಮ್ಮ ಅವಳನ್ನು ಆಟೋದಲ್ಲಿ ಕೂರಿಸಿ, ಎಸ್.ಎಸ್. ಬಡಾವಣೆ ಸುತ್ತಿಸಿ ಅಲ್ಲಿಗೆ ಕರೆದೊಯ್ದಿದ್ದಳು. ಇವತ್ತು ಅವಳು ನೇರ ನಡೆದು ಹೋದಳು. ಐದು ಗಂಟೆಗೆ ಬಾಗಿಲು ತೆರೆಯುವವರೆಗೆ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು.

ಡಾಕ್ಟರು ಎಲ್ಲ ಕೇಳಿಸಿಕೊಂಡರು. “ಬದುಕು ಬ್ಯಾಡ ಅನ್ಸಿತ್ತೇನವ್ವಾ, ಈ ದಿನಗಳಾಗೆ?” ಎಂದು, ಜ್ವರ ಇತ್ತೇ ಎಂದು ಕೇಳುವ ಸ್ವರದಲ್ಲೇ ಕೇಳಿದರು.

“ಆಗ ಅನ್ಸಿತ್ತು. ಈಗಿಲ್ಲ. ಈಗ ಹೆದರಿಕೆ ಅಷ್ಟೇ.”

“ಅನ್ಸಿದ್ರೆ ಆ ಕ್ಷಣಕ್ಕೇ ಫೋನ್ ಮಾಡು. ಹೊತ್ತು ನೋಡಬ್ಯಾಡ.” ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹಳೇದು ಬಂದಿಲ್ಲ ನೋಡು. ಹಳೇದು ಬರೋದಾದ್ರೆ ನಿಧಾನಕ್ಕೆ ಬರ್ತೈತೆ, ಹಿಂಗೆ ಎರಡು ಮೂರು ದಿನಕ್ಕೆ ಕರೆಂಟ್ ಹೊಡೆದಂಗೆ ಬರಲ್ಲ. ಇದು ಒಮ್ಮೆಲೇ ಬಿಟ್ಟಿದ್ದಕ್ಕೆ ಮೈ ತೆಗೆದಿರೋ ತಕರಾರು. ಅಟ್ಟದ ಮ್ಯಾಲಿಂದ ಜಿಗಿದೀಯ, ಕಾಲು ಉಳುಕೈತೆ. ಮತ್ತೆ ಮೇಲೆ ಹತ್ತು, ಆಮೇಲೆ ಮೆಟ್ಲು ಮೆಟ್ಲು ಇಳಿಯೋಣ. ಮೊದಲಿನಷ್ಟೇ ಶುರುಮಾಡು. ಝುಂ ಅನ್ನೋದು ನಾಕಾರು ದಿನದಾಗೆ ಇಳೀಬಹುದು. ಅಲ್ಲೀಗಂಟ ಸ್ಕೂಟಿ ಬ್ಯಾಡ. ಇಳಿಸೋದು ಯಾವಾಗ, ಎಷ್ಟು ಅಂತ ನಾನು ಹೇಳ್ತೀನಿ. ತಿಂಗಳುಗಟ್ಲೆ ಹಿಡೀತೈತೆ, ಹಿಡೀಲಿ. ಯಾವ ದಿನ ಏನಾತು ಅಂತ ಬರೆದಿಡು.”

“ಸರ್,” ಎಂದಳು. “ಚೆನ್ನಾಗಿದ್ದದ್ದು ನಾನಾ, ಗುಳಿಗೇನಾ?”

“ಕನ್ನಡಕ ಹಾಕ್ಕೊಂಡು ಓದೋನು ಯಾರು, ಕನ್ನಡಕಾನಾ?” ಎಂದು ಡಾಕ್ಟರು ಮೇಜಿನ ಮೇಲಿದ್ದದ್ದನ್ನು ತೆಗೆದು ಹಾಕಿಕೊಂಡು, ಚೀಟಿ ಬರೆಯತೊಡಗಿದರು. ಆ ಉತ್ತರ ಅವಳಿಗೆ ಪೂರ್ತಿ ಸಾಲಲಿಲ್ಲ. ಆದರೂ ಕೈಗೆ ಬಂದ ಚೀಟಿ ಹೊಸದಾಗಿತ್ತು, ಅದರ ಮೇಲೆ ಅವಳದೇ ಹೆಸರಿತ್ತು.

ಹಾಲಸ್ವಾಮಿಯ ಅಂಗಡಿಯ ಎದುರು ಬಂದಾಗ ಎದುರುಮನೆಯ ಹಂಪವ್ವ ಗಲ್ಲಾಕ್ಕೆ ಮೊಳಕೈಯೂರಿ ಗ್ಯಾಸಿನ ಗುಳಿಗೆ ಕೇಳುತ್ತಿದ್ದಳು. ಅವಳು ಹೋಗುವವರೆಗೆ ಕಾಯಬಹುದಿತ್ತು. ಕೃತಿಕಾ ಒಂದು ಕ್ಷಣ ಹಾಗೆಯೇ ನಿಂತಳು. ಆಮೇಲೆ ಮುಂದೆ ಬಂದು ಚೀಟಿ ಚಾಚಿ, ಗುಳಿಗೆಯ ಹೆಸರನ್ನು ಬಾಯಿಬಿಟ್ಟೂ ಹೇಳಿದಳು. ತನ್ನ ಸ್ವರದಲ್ಲಿ ಆ ಹೆಸರು ಯಾರೋ ದೂರದ ನೆಂಟರ ಹೆಸರಿನಂತೆ ಕೇಳಿಸಿತು.

ಹಾಲಸ್ವಾಮಿ ಚೀಟಿಯನ್ನು ಬೆಳಕಿಗೆ ಹಿಡಿದ. “ಯಾರಿಗವ್ವಾ?”

“ನನಗೇ ಕಾಕಾ.”

ಹಂಪವ್ವ ತಿರುಗಿದಳು. “ಗ್ಯಾಸಿಗೇನೇ?”

“ಅಲ್ಲ ಹಂಪವ್ವಾರೇ. ಮನಸಿಗೆ.”

“ಮನಸಿಗೆಲ್ಲಿ ಗುಳಿಗಿ ಅದಾವೇ ತಾಯಿ! ಇದ್ದಿದ್ರೆ ನನಗೂ ಹತ್ತು ಕಟ್ಟಪ್ಪಾ ಹಾಲಸ್ವಾಮಿ ಅಂತಿದ್ದೆ.” ಅವಳು ಕಿಸಕ್ಕೆಂದು ನಕ್ಕು, ಚಿಲ್ಲರೆ ಸೆರಗಿಗೆ ಕಟ್ಟಿಕೊಂಡು, ಸೊಸೆಯನ್ನು ಬೈಯುತ್ತ ರಸ್ತೆ ದಾಟಿ ಹೋದಳು. ಅಷ್ಟೇ. ಒಂದೂವರೆ ವರ್ಷ, ಹದಿನೆಂಟು ಸೋಮವಾರ, ಎಷ್ಟೋ ಹೋಳು ತೆಂಗಿನಕಾಯಿ. ಬಾಯಿ ತೆಗೆದರೆ ಇಷ್ಟೇ ಸಪ್ಪಳ.

“ಎಷ್ಟು ದಿನಕ್ಕೆ ಕೊಡ್ಲಿ?” ಎಂದ ಹಾಲಸ್ವಾಮಿ. ಬೇರೇನೂ ಕೇಳಲಿಲ್ಲ. ತೆಗೆದುಕೊಟ್ಟದ್ದನ್ನು ಮಾತ್ರ ಪೇಪರಿನಲ್ಲಿ ಸುತ್ತಿ, ಹೆಂಗಸರ ಸಾಮಾನಿಗೆ ಹಾಕುವ ಕಪ್ಪು ಕವರಿಗೆ ಹಾಕತೊಡಗಿದ.

“ಕವರ್ ಬ್ಯಾಡ ಕಾಕಾ.”

“ಇರ್ಲಿ ತಗಾ, ದಾರಿಯಾಗೆ ಮಂದಿ...”

“ಬ್ಯಾಡ.”

ಅವಳು ಪೇಪರನ್ನೂ ಬಿಡಿಸಿ ಕೊಟ್ಟಳು. ಗುಳಿಗೆಯ ಹಾಳೆಯನ್ನು ಕೈಯಲ್ಲೇ ಹಿಡಿದು ಬೀದಿಗುಂಟ ನಡೆದಳು. ಇಳಿಬಿಸಿಲಿಗೆ ಅದು ಪಳಪಳ ಹೊಳೆಯುತ್ತಿತ್ತು. ಇಸ್ತ್ರಿಯವನು ನೋಡಲಿಲ್ಲ. ದೋಸೆ ಹೋಟೆಲಿನ ಮುಂದೆ ನಿಂತವರು ನೋಡಲಿಲ್ಲ. ಆಟೋದವನು ನೋಡಿದ, ಬಾಡಿಗೆ ಸಿಗುತ್ತದೋ ಎಂದು. ಯಾರಾದರೂ ಒಬ್ಬರು ನೋಡಲಿ, ಕೇಳಲಿ ಎಂದು ಅವಳಿಗೆ ಆಸೆಯಾಯಿತು. ಇಡೀ ಊರು ತನ್ನನ್ನೇ ನೋಡುತ್ತಿದೆಯೆಂದು ಅಂಜಿದ ದಿನಗಳಲ್ಲಿ ಕೂಡ ಅವಳಿಗೆ ಇಷ್ಟು ಒಂಟಿ ಅನ್ನಿಸಿರಲಿಲ್ಲ.

ಅಮ್ಮ ಗೇಟಿನಲ್ಲಿ ನಿಂತಿದ್ದಳು. ಮೊದಲು ಮಗಳ ಕೈ ನೋಡಿದಳು, ಆಮೇಲೆ ಬೀದಿಯ ಈ ತುದಿ, ಆ ತುದಿ.

“ಎಲ್ಲಿ ತಗಂಡೆ?”

“ಹಾಲಸ್ವಾಮಿ ಕಾಕಾನ ಹತ್ರ.”

“ಯಾರಿದ್ರು?”

“ಹಂಪವ್ವ.”

ಕಸ್ತೂರಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟಳು. “ನಾಳೆ ಅವರು ಬರ್ತಾರಲ್ಲೇ.”

“ಬರ್ಲಿ. ಬಕ್ಕೇಶನಿಗೆ ನಾನೇ ಹೇಳ್ತೀನಿ. ಕೇಳೋದು ಐತಾ ಅಂದಿದ್ದ, ಹೇಳೋದು ಐತೆ ಅಂತೀನಿ. ಎದ್ದು ಹೋದ್ರೆ ಹೋಗ್ಲಿ.” ಡಾಕ್ಟರು ಹೇಳಿದ್ದನ್ನು, ಬಸ್ಸಿನಲ್ಲಿ ತಾನೇ ಕಂಡುಕೊಂಡದ್ದನ್ನು ಅವಳು ತುಂಡುತುಂಡಾಗಿ ಹೇಳಿದಳು. ಅಮ್ಮ ಬೈಯಬಹುದು, ಅಳಬಹುದು ಎಂದು ಕಾದಳು. ಅಮ್ಮ ತುಳಸಿಕಟ್ಟೆಯನ್ನು ನೋಡುತ್ತಿದ್ದಳು.

“ಹಂಗಾದ್ರೆ ಇನ್ನು ಹರಿಹರಕ್ಕೆ ಹೋಗೋ ಕೆಲಸ ಇಲ್ಲ ನನಗೆ,” ಎಂದಳು ಕೊನೆಗೆ. ಅದು ಪ್ರಶ್ನೆಯಾಗಿರಲಿಲ್ಲ. “ಅಂಗಡಿ ಕೆಲಸ ಕಾಲು ತಾಸು. ಆಮ್ಯಾಲೆ ಹೊಳೆ ದಂಡೀಗೆ ಹೋಗಿ ಕೂಡ್ರುತಿದ್ದೆ. ಒಂದು ತಾಸು. ಯಾರೂ ಏನೂ ಕೇಳ್ತಿರ್ಲಿಲ್ಲ.”

ಕೃತಿಕಾ ಅಮ್ಮನನ್ನು ನೋಡಿದಳು. ಹದಿನೆಂಟು ತಿಂಗಳು ಇದನ್ನು ಅಮ್ಮ ತನಗಾಗಿ ಹೊತ್ತ ಭಾರ ಎಂದುಕೊಂಡು ತಾನು ಕುಗ್ಗಿದ್ದಳು.

“ಗುಡೀಗೆ ಹೋಗಮ್ಮಾ,” ಎಂದಳು. “ಸುಮ್ನೆ ಗುಡೀಗೇ ಹೋಗು.”

ಅಮ್ಮ ಎದ್ದು ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದಳು. ಅಭ್ಯಾಸಬಲದಿಂದ ಅಜ್ಜಿಯ ಡಬ್ಬಿಯನ್ನೂ ತಂದಿದ್ದಳು, ಅದನ್ನು ಏನು ಮಾಡುವುದೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡು ಕೂತಳು. ಕೃತಿಕಾ ಬೆಳ್ಳಿಹಾಳೆ ಒತ್ತಿ ಗುಳಿಗೆ ತೆಗೆದು ನುಂಗಿದಳು. ಚೊಂಬಿನಿಂದ ಅಮ್ಮನ ಮುಖಕ್ಕೆ ಕಣ್ಣು ಹೊರಳಿಸಿದಳು. ಝುಂ. ಅಮ್ಮ ಒಂದು ಕ್ಷಣ ಅಳಿಸಿಹೋಗಿ, ಮತ್ತೆ ಅಲ್ಲೇ ಇದ್ದಳು.